ಸಂಶಯದ ಡಾಕ್ಟರಬಾಯಿ

ಗಜೇಂದ್ರಗಡದಲ್ಲಿ ಇಳಿದು ಡಾಕ್ಟರ್ ಸೈರಾಬಾನು ದವಾಖಾನೆ ಎಲ್ಲಿ ಎಂದು ಕೇಳಿ ನೋಡಿ, ಅರ್ಧ ಊರು ತಲೆ ಕೆರೆದುಕೊಳ್ಳುತ್ತದೆ. "ಸಂಶೇದ ಡಾಕ್ಟರಬಾಯಿ" ಎನ್ನಿ, ರಿಕ್ಷಾದವನು ಮುಂದಿನ ಮಾತು ಕೇಳದೆ ಗಾಡಿ ತಿರುಗಿಸುತ್ತಾನೆ. ವಯಸ್ಸು ಎಪ್ಪತ್ತೈದು ದಾಟಿದೆ, ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ. ಆದರೂ ಮುಂಜಾನೆ ಕುರ್ಚಿಯಲ್ಲಿ ಕೂತಳೆಂದರೆ ಕಣ್ಣು ಮಾತ್ರ ಠಾಣೆಯ ಫೌಜದಾರನದೇ. ತಲೆನೋವು ಎಂದು ಹೋದವಳಿಗೆ ಮೊದಲ ಪ್ರಶ್ನೆ, "ಖರೇನ?" ಎರಡನೆಯದು, "ಯಾರಿಗೆ?" ಹೊಸಬರು ಕಕ್ಕಾಬಿಕ್ಕಿಯಾಗುತ್ತಾರೆ. ಯಾರಿಗೆ ಎಂದರೇನು, ಬಂದವಳಿಗೇ ಅಲ್ಲವೇ! ಆದರೆ ಒಮ್ಮೆ ಕೇಳಿ ಉತ್ತರ ಪಡೆದ ಮೇಲೆ ಆಕೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವುದಿಲ್ಲ. ಇದೆಲ್ಲ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಆಕೆ ಇದೇ ಊರಿನ ಮಗಳು. ತಂದೆ ಮೋದಿನಸಾಬ ಆಕೆ ಸಣ್ಣವಳಿದ್ದಾಗಲೇ ತೀರಿಕೊಂಡ. ತಾಯಿ ಖಾತುನಬಿ ಬಳೆಗಾರ್ತಿ. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗಿ, ಗೌಡರ ಮನೆಯಿಂದ ನೇಕಾರರ ಮನೆತನಕ ಹೆಂಗಸರ ಕೈಗೆ ಬಳೆ ಇಟ್ಟು ಮಗಳನ್ನು ಓದಿಸಿದಳು. ಗಂಡಸು ಡಾಕ್ಟರಿಗೆ ನಾಲಿಗೆ ಸಹ ತೋರಿಸದ ಹೆಂಗಸರು ಖಾತುನಬಿಗೆ ಕೈ ಕೊಟ್ಟು ಕೂತು ಒಳಗಿನದೆಲ್ಲ ತೋಡಿಕೊಳ್ಳುತ್ತಿದ್ದರು. ಆಕೆ ಒಂದು ಮನೆಯ ಮಾತನ್ನು ಇನ್ನೊಂದು ಮನೆಯ ಹೊಸ್ತಿಲು ದಾಟಿಸಿದವಳಲ್ಲ. ಬಳೆಗಿಂತ ಹೆಚ್ಚಾಗಿ ಆ ಗುಣವೇ ಆಕೆಯ ಹೊಟ್ಟೆ ಹೊರೆಯುತ್ತಿತ್ತು.

ಮಗಳು ಹುಬ್ಬಳ್ಳಿಯಲ್ಲಿ ಡಾಕ್ಟರಕಿ ಮುಗಿಸಿ ಬಂದು ಬಾಜಾರದ ಹಿಂದಿನ ಓಣಿಯಲ್ಲಿ ಬೋರ್ಡು ಹಾಕಿದಾಗ ಊರು ಹಬ್ಬ ಮಾಡಬೇಕಿತ್ತು. ಈ ಸೀಮೆಯಲ್ಲಿ ಅದಕ್ಕೂ ಮೊದಲು ಹೆಂಗಸು ಡಾಕ್ಟರನ್ನು ಕಂಡವರಾರು? ಆದರೆ ಎಲ್ಲಿಯ ಹಬ್ಬ! ಊರು ಮೂಗು ಮುರಿಯಿತು. ಎಮರ್ಜೆನ್ಸಿಯಲ್ಲಿ ಸಿಕ್ಕಸಿಕ್ಕವರನ್ನು ಹಿಡಿದು ಮಕ್ಕಳಾಗದ ಆಪರೇಶನ್ ಮಾಡಿದ ಕಾಲ ಆಗಷ್ಟೇ ಮುಗಿದಿತ್ತು. "ಸರಕಾರದವ್ರ ಕಳಿಸ್ಯಾರ, ಗುಳಗಿ ಕೊಟ್ಟು ಮಕ್ಕಳಾಗದಂಗ ಮಾಡ್ತಾಳ" ಎಂದರು ಕೆಲವರು. "ಗಂಡು ಹುಡುಗರ ಜೋಡಿ ನಿಂತು ಹೆಣ ಕೊಯ್ದಾಕಿ. ಆ ಕೈಲೆ ಮುಟ್ಟಿಸಿಕೊಂಡ್ರ ಮನಿಗೆ ಚಲೋ ಆಗತೈತೇನು?" ಎಂದರು ಇನ್ನು ಕೆಲವರು. ಲಗ್ನವಾಗಿಲ್ಲ ಎಂಬುದು ಇನ್ನೊಂದು ಗುಮಾನಿ. ಲಗ್ನವಾಗಿದ್ದರೆ ಗಂಡ ಹ್ಯಾಂಗೆ ಬಿಟ್ಟ ಎಂದು ಗುಮಾನಿ ಪಡುತ್ತಿದ್ದರು, ಬಿಡಿ. ಈ ಊರಿನ ಬಾಯಿಗೆ ಬೀಗ ಮಾಡುವ ಕಮ್ಮಾರ ಇನ್ನೂ ಹುಟ್ಟಿಲ್ಲ.

ಆದರೂ ಹೆಂಗಸರು ಬರತೊಡಗಿದರು. ಬಂದರು, ಬರಬೇಕಾದವರು ಮಾತ್ರ ಬರಲಿಲ್ಲ. ಲಗ್ನವಾಗದ ಹುಡುಗಿ ಈ ದವಾಖಾನೆಯ ಮೆಟ್ಟಿಲು ಹತ್ತಿದರೆ ಮುಗಿಯಿತು, ಸಂಜೆಯೊಳಗೆ ರೋಣದವರೆಗೆ ಸುದ್ದಿ. ಯಾಕ ಹೋಗಿದ್ದಳು? ಏನಾಗಿತ್ತು? ಎಷ್ಟು ತಿಂಗಳು? ಅದಕ್ಕೆ ಮನೆಮನೆಯವರೂ ಒಂದೇ ಉಪಾಯ ಹುಡುಕಿಕೊಂಡಿದ್ದರು. ಹುಡುಗಿಯನ್ನು ಮನೆಯಲ್ಲಿ ಕೂರಿಸಿ ಲಗ್ನವಾದ ಅಕ್ಕನನ್ನೋ ಅತ್ತಿಗೆಯನ್ನೋ ಕಳಿಸುವುದು. ಅತ್ತಿಗೆ ಬಂದು ಹುಡುಗಿಯ ರೋಗವನ್ನು ತನ್ನದೇ ಎಂದು ವರ್ಣಿಸುವುದು, ಔಷಧ ಒಯ್ಯುವುದು, ಅದನ್ನು ಹುಡುಗಿ ಕುಡಿಯುವುದು. ರೋಗ ಒಬ್ಬಳದು, ನಾಡಿ ಇನ್ನೊಬ್ಬಳದು! ಇಂಥ ಶಾಣ್ಯಾತನ ಮಾಡಿ ಎಷ್ಟು ಹುಡುಗಿಯರನ್ನು ಮಣ್ಣಿಗೆ ಕಳಿಸಿದ್ದಾರೋ ದೇವರಿಗೇ ಗೊತ್ತು.

ಡಾಕ್ಟರಬಾಯಿಗೆ ಇದು ತಿಳಿದದ್ದು ಹೊಳೆಮಣ್ಣೂರಿನ ಹಸೀನಾ ಎಂಬವಳಿಂದ. ತಿಂಗಳಾನುಗಟ್ಟಲೆ ರಕ್ತ ಹೋಗಿ ಎದ್ದು ನಿಲ್ಲುವ ಶಕ್ತಿಯಿಲ್ಲ ಎಂದು ಗೋಳಾಡಿದಳು. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪು ಕೆಂಪು. ಅಷ್ಟೇ ಅಲ್ಲ, ಹೊರಗಿನ ಕಟ್ಟೆಯ ಮೇಲೆ ಆಕೆ ತಲೆಯ ಮೇಲೆ ಹೊತ್ತು ತಂದ ಜೋಳದ ಚೀಲ ಕೂತಿತ್ತು. ಗದರಿಸಿದ ಮೇಲೆ ಬಾಯಿಬಿಟ್ಟಳು, ರೋಗ ತಂಗಿಯದು. ಅಂದಿನಿಂದ ಡಾಕ್ಟರಬಾಯಿ ಬಾಯಿಯ ಮಾತು ನಂಬುವುದನ್ನು ಬಿಟ್ಟಳು. ಅತ್ತೆಯನ್ನು ಹೊರಗೆ ಕಳಿಸಿ ಸೊಸೆಯನ್ನು ಕೇಳಿದಳು, ಸೊಸೆಯನ್ನು ಕಳಿಸಿ ಅತ್ತೆಯನ್ನು ಕೇಳಿದಳು, ಗಂಡನ ಉಗುರನ್ನೂ ಹಿಡಿದು ನೋಡಿದಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಆಕೆಯಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ. "ಬಾಯಿ ಸುಳ್ಳು ಹೇಳತೈತಿ, ಮೈ ಹೇಳೂದಿಲ್ಲ" ಎಂಬುದು ಆಕೆಯ ಮಂತ್ರ. ಆ ಮಂತ್ರದಿಂದ ಬದುಕಿದ ಜೀವಗಳು ಬೇಕಾದಷ್ಟು ಇದ್ದವು, ಅದರ ಬಗ್ಗೆ ಆಕೆಗೆ ಒಳಗೊಳಗೇ ಜಂಬವೂ ಇತ್ತು.

ಹೀಗಿರುವಾಗ ಒಂದು ದಿನ ಹೊನ್ನವ್ವ ಬಂದಳು. ಅಡತಿ ಅಂಗಡಿಯ ಪ್ರಭುಲಿಂಗಪ್ಪ ಸಾಹುಕಾರನ ಹಿರಿಯ ಸೊಸೆ. ಬಂದವಳು ಬಾಗಿಲ ಹೊರಗೆ ಎರಡೂ ಕಡೆ ನೋಡಿ ಒಳಗೆ ಕಾಲಿಟ್ಟಾಗಲೇ ಡಾಕ್ಟರಬಾಯಿಯ ಹುಬ್ಬು ಮೇಲೇರಿತು.

"ಹೊಟ್ಟಿ ಉಬ್ಬೇತ್ರಿ ಬಾಯಾರ" ಎಂದಳು ಹೊನ್ನವ್ವ. "ಮೂರು ತಿಂಗಳಾತು, ಹೊರಗ ಆಗಿಲ್ಲ. ಜಗ್ಗಿ ಹಿಡದಂಗ ಆಗತೈತಿ."

ಡಾಕ್ಟರಬಾಯಿ ಅವಳ ಹೊಟ್ಟೆ ನೋಡಿದಳು. ರೊಟ್ಟಿ ಹಂಚಿನ ಹಾಗೆ ಚಪ್ಪಟೆ.

"ಉಬ್ಬಿದ ಹೊಟ್ಟಿ ಎಲ್ಲೈತವಾ? ಮನ್ಯಾಗ ಬಿಟ್ಟು ಬಂದಿಯೇನು?"

"ಮುಂಜಾನಿ ಇರತೈತ್ರಿ. ಮಧ್ಯಾಹ್ನದಾಗ ಇಳೀತೈತಿ."

"ಹೊರಗ ಆಗಿಲ್ಲ ಅಂತಿ. ಮೊನ್ನಿ ಸೋಮವಾರ ಹಿತ್ತಲ ಕಟ್ಟಿ ಮ್ಯಾಲ ಒಬ್ಬಾಕೀನ ದೂರ ಕುಂತಿದ್ದೆಲ್ಲ, ನಾ ಅದ ಹಾದೀಲೆ ಹೋದೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹೊನ್ನವ್ವನ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. "ನಂದ ರೋಗರಿ, ನಮ್ಮಪ್ಪನಾಣಿ ನಂದ" ಎಂದಳು.

"ಹಂಗಾರ ಮಲಗು, ನೋಡತೇನಿ."

"ಅಯ್ಯ, ಒಲಿ ಮ್ಯಾಲ ಹಾಲಿಟ್ಟು ಬಂದೇನ್ರಿ!" ಎಂದು ಸೆರಗು ಬಾಚಿಕೊಂಡು ಓಡಿದಳು.

ಆ ಮನೆಯಲ್ಲಿ ಲಗ್ನವಾಗದವಳೆಂದರೆ ಒಬ್ಬಳೇ, ಪ್ರಭುಲಿಂಗಪ್ಪನ ಕಿರಿಯ ಮಗಳು ನಿರ್ಮಲಾ. ತಾಯಿಯಿಲ್ಲದ ಹುಡುಗಿ, ಮೆಟ್ರಿಕ್ ಪಾಸಾದವಳು. ರೋಣದ ಸಿದ್ದಲಿಂಗ ಎಂಬ ಹುಡುಗನ ಜೊತೆ ನಿಶ್ಚಯವಾಗಿ ಲಗ್ನದ ದಿನ ಸಮೀಪ ಬಂದಿತ್ತು. ಮೂರು ತಿಂಗಳು ನಿಂತಿದೆ, ಹೊಟ್ಟೆ ಬೆಳೆದಿದೆ, ಮನೆಯವರು ಮುಚ್ಚಿಡುತ್ತಿದ್ದಾರೆ. ಇನ್ನೇನು ಬೇಕು? ಡಾಕ್ಟರಬಾಯಿ ಮನಸ್ಸಿನಲ್ಲೇ ತೀರ್ಪು ಬರೆದು ಸಹಿ ಹಾಕಿಬಿಟ್ಟಳು. ಹುಡುಗಿ ಎಲ್ಲೋ ಎಡವಿದ್ದಾಳೆ, ಬಾಯಿಬಿಟ್ಟು ಕೇಳದೆ ನನ್ನ ಕೈಯಿಂದ ಹೊಟ್ಟೆ ಇಳಿಸುವ ಔಷಧ ಕಸಿಯಲು ನೋಡುತ್ತಿದ್ದಾರೆ ಎಂದುಕೊಂಡಳು.

ಹೊನ್ನವ್ವ ಇನ್ನೊಮ್ಮೆ ಬಂದಳು. ಈ ಸಲ ಕೂರಲೂ ಇಲ್ಲ. "ಹೊಟ್ಟಿ ಇಳಿಯೂದಕ್ಕ ಏನರ ಕೊಡ್ರಿ ಸಾಕು" ಎಂದಳು. "ಹೊಟ್ಟಿ ಕರಕೊಂಡು ಬಾ, ಕೊಡತೇನಿ" ಎಂದಳು ಡಾಕ್ಟರಬಾಯಿ. ಹೊನ್ನವ್ವ ಬಾಗಿಲತನಕ ಹೋಗಿ ತಿರುಗಿ ನಿಂತಳು. ಅವಳ ಕಣ್ಣಲ್ಲಿ ನೀರಿತ್ತು. "ಮಾವನೋರು ಹೊಳಿ ಆಚಿಯಿಂದ ಯಾವುದೋ ಬೇರು ತರಸ್ಯಾರ್ರಿ. ಶುಕ್ರವಾರ ತೇದು ಕುಡಸ್ತಾರಂತ" ಎಂದವಳೇ ತನ್ನ ಬಾಯಿಗೆ ತಾನೇ ಸೆರಗು ಒತ್ತಿಕೊಂಡು ಹೊರಟುಹೋದಳು.

ಅಂಥ ಬೇರು ಕುಡಿದ ಒಬ್ಬಳನ್ನು ಡಾಕ್ಟರಬಾಯಿ ಹಿಂದಿನ ವರ್ಷವಷ್ಟೇ ನೋಡಿದ್ದಳು. ನೋಡಿದ್ದು ಹೆಣವನ್ನು. ಮರುದಿನ ಏನೋ ನೆವ ಮಾಡಿ ಚೀಲ ಹಿಡಿದು ಪ್ರಭುಲಿಂಗಪ್ಪನ ಮನೆಗೇ ಹೋದಳು. ಸಾಹುಕಾರ ಕಟ್ಟೆಯ ಮೇಲೆ ಕೂತಿದ್ದವನು ಎದ್ದು ನಿಂತು ಕೈ ಮುಗಿದ, ಬಾಗಿಲಿಗೆ ಅಡ್ಡವಾಗಿಯೇ ನಿಂತ.

"ನಮ್ಮ ಮನ್ಯಾಗ ಎಲ್ಲಾರೂ ಗುಂಡಕಲ್ಲಿನಂಗ ಅದಾರ್ರಿ. ಯಾರೂ ಕರದಿಲ್ಲಲ್ಲ, ಹ್ಯಾಂಗ ಬಂದ್ರಿ?" ಎಂದ. ಮಾತು ಬೆಣ್ಣೆ, ಕಣ್ಣು ಕೊಡಲಿ. "ಇಲ್ಲೇ ಕುಂದರ್ರಿ, ಚಾ ತರಸ್ತೇನಿ."

ಆಕೆ ಚಹ ಕುಡಿಯದೆ ತಿರುಗಿ ಬಂದಳು. ಫೌಜದಾರನಿಗೆ ಹೇಳೋಣವೆಂದರೆ ಹುಡುಗಿ ಅದೇ ದಿನ ಬಾವಿಯ ಪಾಲು. ಸುಮ್ಮನಿದ್ದರೆ ಶುಕ್ರವಾರ ಬೇರಿನ ಪಾಲು. ಅತ್ತ ದರಿ ಇತ್ತ ಪುಲಿ. ಆ ಮನೆಯೊಳಗೆ, ಆ ಹುಡುಗಿಯ ಮಗ್ಗುಲಲ್ಲಿ, ಯಾರೂ ಗುಮಾನಿ ಪಡದಂತೆ ಹೋಗಿ ಕೂರಬಲ್ಲವರು ಊರಲ್ಲಿ ಒಬ್ಬರೇ ಇದ್ದರು. ಖಾತುನಬಿ. ನಿನ್ನ ಜೊತೆ ನನ್ನನ್ನೂ ಒಳಗೆ ಕರೆದುಕೊಂಡು ಹೋಗು ಎಂದು ಮಗಳು ಆಕೆಯನ್ನು ಕೇಳಿದಳು.

"ನಾಳಿಗೆ ಆ ಮನಿಗೆ ನಾ ಹೋಗಾಕಿ ಅದೇನಿ. ಲಗ್ನದ ಬಳಿಗೆ ಹೇಳಿ ಕಳಿಸ್ಯಾರ" ಎಂದಳು ತಾಯಿ. ಹೇಳಿ ಕಳಿಸದೆ ಇರುವಂತಿರಲಿಲ್ಲ, ಲಗ್ನದ ಮನೆಯವರು ಬಳೆಗಾರ್ತಿಯನ್ನು ಕರೆಯದಿದ್ದರೆ ಓಣಿ ಕೇಳುತ್ತದೆ. "ಆದ್ರ ನಿನ್ನ ಕರಕೊಂಡು ಹೋಗೂದಿಲ್ಲ, ಬೇಟಾ. ಅದು ಕಳ್ಳತನ."

"ಹುಡುಗಿ ಸತ್ರ ಹ್ಯಾಂಗಮ್ಮಾ?"

"ಹುಡುಗಿ ಸತ್ರ ಅವರ ಪಾಪ. ನಾ ಮೋಸ ಮಾಡಿದ್ರ ನನ್ನ ಪಾಪ. ಆ ಮನ್ಯಾಗ ಆ ಹುಡುಗಿ ತೊಟ್ಟಲದಾಗ ಇದ್ದಾಗ ಕರಿಬಳಿ ಇಟ್ಟಾಕಿ ನಾನ. ನನ್ನ ನಂಬಿ ಒಳಗ ಬಿಡ್ತಾರ. ಆ ನಂಬಿಗಿ ಮುರಿದ್ರ ನಾ ಹೊಟ್ಟಿಗೆ ಏನು ತಿನ್ನಲಿ?"

ತಾಯಿ ರಾತ್ರಿ ಊಟ ಮಾಡಲಿಲ್ಲ. ಬೆಳಗಾಗೆದ್ದು ಖಾತುನಬಿ ಸಣ್ಣ ಮಲಾರವೊಂದನ್ನು ಮಗಳ ಮುಂದೆ ಇಟ್ಟು, "ಬುರ್ಕಾ ಹಾಕ್ಕೋ. ಬಾಯಿ ತೆರೀಬ್ಯಾಡ. ನನ್ನ ಅಕ್ಕನ ಮಗಳು ಅಂತ ಹೇಳತೇನಿ" ಎಂದಳು. ಮುಖ ಮಾತ್ರ ಸತ್ತವರ ಮನೆಗೆ ಹೊರಟವಳ ಮುಖ.

ಬಳೆ ಇಡುವ ಜಾಗದಲ್ಲಿ ಗಂಡಸರು ನಿಲ್ಲುವುದಿಲ್ಲ. ಮತ್ತೆ ಈ ಕಡೆ ಒಂದು ಪದ್ಧತಿ, ಕೈಗೆ ಬಳೆ ಏರಿಸತೊಡಗಿದ ಮೇಲೆ ಎರಡೂ ಕೈ ತುಂಬುವತನಕ ಹೆಣ್ಣು ಏಳಬಾರದು, ಅದರಲ್ಲೂ ಮದುಮಗಳು ಎದ್ದರೆ ಅಪಶಕುನ. ಅದನ್ನು ನಂಬಿಕೊಂಡೇ ಡಾಕ್ಟರಬಾಯಿ ಪಡಸಾಲೆಯ ಮೂಲೆಯಲ್ಲಿ ಕೂತಳು. ಖಾತುನಬಿ ಹಿರಿಯ ಹೆಂಗಸರಿಗೆ ಬಳೆ ಇಡುತ್ತ, "ಮದುಮಗಳಿಗೆ ನೀ ಇಡವಾ" ಎಂದು ಬುರ್ಕಾದವಳಿಗೆ ಹೇಳಿದಳು. ಒಳಗಿನಿಂದ ನಿರ್ಮಲಾ ಬಂದಳು. ಚೈತ್ರದ ಬಿಸಿಲಲ್ಲೂ ದಪ್ಪ ಸೀರೆ, ಮೈತುಂಬ ಸುತ್ತಿದ ಸೆರಗು. ಬಂದು ಕಷ್ಟಪಟ್ಟು ಕೂತಳು, ಕೈ ಚಾಚಿದಳು.

ಸಣ್ಣವಳಿದ್ದಾಗ ತಾಯಿಯ ಜೊತೆ ಕೂತು ಕಲಿತ ಕೆಲಸ, ಡಾಕ್ಟರಬಾಯಿಯ ಕೈ ಮರೆತಿರಲಿಲ್ಲ. ಹಸಿರು ಬಳೆ ಒಂದೊಂದಾಗಿ ಏರಿದವು. ಏರಿದವು ಎನ್ನುವುದಕ್ಕಿಂತ ಜಾರಿಬಿದ್ದವು, ಕೈಯಲ್ಲಿ ಎಲುಬು ಬಿಟ್ಟು ಏನೂ ಇರಲಿಲ್ಲ. ಎರಡು ಬೆರಳು ನಾಡಿಯ ಮೇಲೆ ನಿಂತವು. ನಾಡಿ ದೌಡು ಹೊಡೆಯುತ್ತಿತ್ತು.

"ಹೆದರಬ್ಯಾಡ" ಎಂದು ಬುರ್ಕಾದೊಳಗಿಂದ ಪಿಸುಗುಟ್ಟಿದಳು. "ನಾನು ಡಾಕ್ಟರ್ ಸೈರಾಬಾನು. ಯಾರವನು?"

ಹುಡುಗಿಯ ಕೈ ಕಟ್ಟಿಗೆಯಾಯಿತು. "ಯಾರೂ ಇಲ್ಲ."

"ನನ್ನ ಮುಂದ ಮುಚ್ಚಿಡಬ್ಯಾಡ. ನಾ ಯಾರಿಗೂ ಹೇಳೂದಿಲ್ಲ. ಯಾರು?"

"ಯಾರೂ ಇಲ್ಲರಿ. ಮುಟ್ಟಿ ಸೈತ ಇಲ್ಲ ನನ್ನ ಯಾರೂ." ಕಣ್ಣೀರು ಟಪಟಪ ಬಳೆಗಳ ಮೇಲೆ ಬಿತ್ತು. "ಮನ್ಯಾಗ ಎಲ್ಲಾರೂ ಇದನ್ನ ಕೇಳ್ತಾರ. ನೀವೂ ಅದನ್ನ ಕೇಳ್ತೀರಲ್ಲ!"

ಡಾಕ್ಟರಬಾಯಿ ಕರಗಲಿಲ್ಲ. ಹೀಗೆ ಅತ್ತು, ಹೀಗೆ ಆಣೆ ಹಾಕಿ, ಆರು ತಿಂಗಳಿಗೆ ಹೆತ್ತವರನ್ನು ಆಕೆ ಕಂಡಿದ್ದಳು. ಕೈ ಸೊರಗಿದೆ, ನಿಜ. ವಾಂತಿಯಿಂದಲೂ ಸೊರಗುತ್ತದೆ, ಅನ್ನ ಹಾಕದಿದ್ದರೂ ಸೊರಗುತ್ತದೆ. ಸೆರಗು ಸರಿಪಡಿಸುವ ನೆವದಲ್ಲಿ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟಳು. ಗಟ್ಟಿಯಾಗಿತ್ತು, ಒಂದು ಮಗ್ಗುಲಿಗೆ ವಾಲಿತ್ತು. ಒತ್ತಿದಾಗ ಹುಡುಗಿ ನೋವಿಗೆ ತುಟಿ ಕಚ್ಚಿದಳು. ಗಡ್ಡೆ ಇರಬಹುದು. ಬಸಿರೂ ಇರಬಹುದು. ಆದರೆ ಒಂದಂತೂ ಖಾತ್ರಿ, ನಾಳೆ ಆ ಬೇರು ಹೊಟ್ಟೆ ಸೇರಿದರೆ ಈ ಕೈಗೆ ಇನ್ನೊಮ್ಮೆ ಬಳೆ ಇಡುವ ಮಾತಿಲ್ಲ.

ಎರಡನೆಯ ಕೈಯ ಕಡೆಯ ಬಳೆ ಇಟ್ಟು ಆಕೆ ಬುರ್ಕಾ ತೆಗೆದು ಎದ್ದು ನಿಂತಳು.

ಹೆಂಗಸರು ಹಾವು ಕಂಡವರಂತೆ ಚೀರಿ ಹಿಂದೆ ಸರಿದರು. ಹೊನ್ನವ್ವ ಓಡಿಹೋಗಿ ಬೀದಿ ಬಾಗಿಲು ಮುಚ್ಚಿದಳು. ಪ್ರಭುಲಿಂಗಪ್ಪ ಒಳಗೆ ಬಂದವನು ಮೊದಲು ಡಾಕ್ಟರಬಾಯಿಯನ್ನು ನೋಡಲಿಲ್ಲ, ಖಾತುನಬಿಯನ್ನು ನೋಡಿದ. "ಖಾತುನಬಿ, ನೀನೂ ಹಿಂಗ ಮಾಡಿದೀ?" ಎಂದ. ಖಾತುನಬಿ ತಲೆ ಎತ್ತಲಿಲ್ಲ.

"ಆಕೀಗೆ 'ಕರಕೊಂಡು ಹೋಗು' ಅಂದಾಕಿ ನಾನು, ನನ್ನ ಬೈರಿ ಸಾವಕಾರ" ಎಂದಳು ಡಾಕ್ಟರಬಾಯಿ. "ನಿಮ್ಮ ಮಗಳು ಬಸುರಿ ಅಲ್ಲ. ಹೊಟ್ಯಾಗ ಗಡ್ಡಿ ಐತಿ. ನಾಳಿಗೆ ಬೇರು ಕುಡಿಸಿದ್ರ ನಾಡದ ಹೆಣ ಎತ್ತತೀರಿ."

ಕಲ್ಲಿನ ಮೇಲೆ ಕೊರೆದ ಹಾಗೆ ಹೇಳಿದಳು. ಒಳಗೆ ಅರ್ಧ ನಂಬಿಕೆಯೂ ಇರಲಿಲ್ಲ. ಸುಳ್ಳೋ ಖರೆಯೋ, ಹುಡುಗಿ ಮೊದಲು ಈ ಮನೆಯಿಂದ ಜೀವಂತ ಹೊರಬೀಳಲಿ ಎಂಬುದಷ್ಟೇ ಆಕೆಯ ಲೆಕ್ಕ.

ಪ್ರಭುಲಿಂಗಪ್ಪನ ಮುಖ ನೋಡಬೇಕಿತ್ತು! "ಗಡ್ಡೀನ? ಖರೇನ ಗಡ್ಡೀನ?" ಎಂದು ಕೇಳಿದ. ಕೇಳುತ್ತ ಕೇಳುತ್ತ ಕಣ್ಣು ಅರಳಿದವು. ಮಗಳ ಹೊಟ್ಟೆಯಲ್ಲಿ ಗಡ್ಡೆಯಿದೆ ಎಂದು ಕೇಳಿ ಹಿಗ್ಗಿದ ತಂದೆಯನ್ನು ಡಾಕ್ಟರಬಾಯಿ ಅಂದೇ ಮೊದಲು ನೋಡಿದ್ದು. ಆದರೆ ವ್ಯಾಪಾರಿಯಲ್ಲವೇ, ಮರುಕ್ಷಣವೇ ಮುಖ ಗಂಟಿಕ್ಕಿತು. "ಹುಬ್ಬಳ್ಳಿಗೆ ಹೋಗಿ ತಗಸ್ಕೊಂಡು ಬಂದ್ಲು ಅಂತಾರ ಮಂದಿ. ಏನು ತಗಿಸಿದ್ರು ಅಂತ ಯಾರಿಗೆ ಗೊತ್ತು? ಗಡ್ಡಿ ಇದ್ರ ನನಗ ಆ ಗಡ್ಡಿ ಬೇಕು. ಕಾಜಿನ ಬಾಟಲ್ಯಾಗ ಹಾಕಿ ತರ್ರಿ. ಊರಿಗೆ ತೋರಸ್ತೇನಿ."

"ಆತು, ತರತೇನಿ" ಎಂದಳು ಡಾಕ್ಟರಬಾಯಿ. ಕೂಸು ಬಂದರೆ ಏನು ತರುವುದೆಂದು ಆಕೆಗೇ ಗೊತ್ತಿರಲಿಲ್ಲ.

ಅಂದೇ ಸಾಹುಕಾರನ ಕಾರು ಹೊರಟಿತು. ನರೇಗಲ್ಲ ದಾಟಿತು, ಗದಗ ದಾಟಿತು. ಹುಡುಗಿ ಹಿಂದಿನ ಸೀಟಿನಲ್ಲಿ ಡಾಕ್ಟರಬಾಯಿಯ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದಳು. "ನಿಮ್ಮಪ್ಪ ಮುಂದ ಕುಂತಾನ, ಕೇಳಸೂದಿಲ್ಲ. ಇನ್ನರ ಖರೇ ಹೇಳು" ಎಂದು ಕಿವಿಯಲ್ಲಿ ಕೇಳಿದಳು. ಹುಡುಗಿ ಕಣ್ಣು ಮುಚ್ಚಿಕೊಂಡೇ, "ಹೇಳೇನ್ರಿ" ಎಂದಳು. ಹುಬ್ಬಳ್ಳಿಯ ದವಾಖಾನೆಯಲ್ಲಿ ತನಗೆ ಕಲಿಸಿದ ಹಿರಿಯ ಡಾಕ್ಟರಿಗೆ ಹುಡುಗಿಯನ್ನು ಒಪ್ಪಿಸುವಾಗಲೂ ಆಕೆ ದನಿ ತಗ್ಗಿಸಿ, "ಸರ್, ಮೊದಲು ಬಸಿರು ಹೌದೋ ಅಲ್ಲೋ ಖಾತ್ರಿ ಮಾಡಿಕೊಳ್ಳಿ. ಹುಡುಗಿ ಬಾಯಿ ಬಿಡುತ್ತಿಲ್ಲ" ಎಂದಳು.

ಗಡ್ಡೆಯೇ. ಅಂಡಾಶಯದ ಮೇಲೆ ಬೆಳೆದು ತೆಂಗಿನಕಾಯಿಯಷ್ಟಾಗಿ, ಬುಡದಲ್ಲಿ ತಿರುಚಿಕೊಂಡು ಕೊಳೆಯತೊಡಗಿತ್ತು. ಬೇರು ಬೇಕಾಗಿಯೇ ಇರಲಿಲ್ಲ, ಇನ್ನೆರಡು ದಿನ ತಡವಾಗಿದ್ದರೆ ತಾನಾಗಿಯೇ ಕೊಲ್ಲುತ್ತಿತ್ತು. ಡಾಕ್ಟರಬಾಯಿ ಆಪರೇಶನ್ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತು ಮಕ್ಕಳ ಹಾಗೆ ಅತ್ತಳು. ಹುಡುಗಿ ಬದುಕಿದಳು ಎಂಬ ಸಂತೋಷ ಎಷ್ಟಿತ್ತೋ, ತಾನು ಹೇಳಿದ ಸುಳ್ಳು ನಿಜವಾಯಿತು ಎಂಬ ನಿರಾಳವೂ ಅಷ್ಟೇ ಇತ್ತು.

ಇನ್ನು ಊರಿನ ಕಥೆ ಕೇಳಿ. ಪ್ರಭುಲಿಂಗಪ್ಪ ಹೇಳಿದ ಮಾತಿಗೆ ತಪ್ಪದೆ ಗಡ್ಡೆಯ ಬಾಟಲಿಯನ್ನು ಅಡತಿ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಇಟ್ಟ. ಶೇಂಗಾ ಮಾರಲು ಬಂದವರೆಲ್ಲ ಅದನ್ನು ನೋಡಿಕೊಂಡು ಹೋಗಬೇಕು. ಮಗಳ ಮಾನವನ್ನು ಔಷಧದ ನೀರಿನಲ್ಲಿ ತೇಲಿಸಿ ಇಟ್ಟು ಕೂತಿದ್ದ, ಪುಣ್ಯಾತ್ಮ! ಅದರಿಂದ ಸಂಶಯ ಸತ್ತಿತೇ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. "ಹುಬ್ಬಳ್ಳ್ಯಾಗ ಇಂಥಾ ಬಾಟಲಿ ಸಾಲುಗಟ್ಟಲೇ ಇರ್ತಾವ, ಕೇಳಿದವರಿಗೆ ಕೊಡ್ತಾರ" ಎಂದರು. ಪುರ್ತಗೇರಿಯಿಂದ ಬಂದ ಒಬ್ಬ ಹತ್ತಿರ ಹೋಗಿ ನೋಡಿ, ಅದಕ್ಕೆ ಮೂಗು ಇದೆ ಎಂದೂ ಸಾರಿದ.

ಖಾತುನಬಿಯ ಕಥೆ ಇನ್ನೂ ಕೆಟ್ಟದು. ಬಳೆ ಇಡುವ ನೆವದಲ್ಲಿ ಡಾಕ್ಟರನ್ನು ಒಳಗೆ ಬಿಟ್ಟವಳು ಎಂಬ ಮಾತು ಅವಳಿಗಿಂತ ಮೊದಲು ಓಣಿ ತಿರುಗಿತ್ತು. ಕರೆಯುತ್ತಿದ್ದ ಮನೆಗಳು ಕರೆಯಲಿಲ್ಲ. ಕೂಗಿದರೆ, "ಇವತ್ತ ಬ್ಯಾಡವಾ" ಎಂಬ ದನಿ ಮುಚ್ಚಿದ ಬಾಗಿಲ ಹಿಂದಿನಿಂದಲೇ ಬರುತ್ತಿತ್ತು. ಕಡೆಗೆ ಆಕೆ ಬಾಜಾರದಲ್ಲಿ ಗೋಣಿತಟ್ಟು ಹಾಸಿ ಬಳೆ ಹರವಿಕೊಂಡು ಕೂರತೊಡಗಿದಳು. ಕೊಂಡವರು ಬಳೆ ಎತ್ತಿಕೊಂಡು ಮನೆಗೆ ಹೋಗಿ ತಾವೇ ಇಟ್ಟುಕೊಂಡರು. "ಬಳಿ ಮಾರೂದು ದೊಡ್ಡ ಮಾತಲ್ಲ ಸೈರಾ" ಎಂದಳು ಒಮ್ಮೆ. "ಕೈ ಕೊಡತಿದ್ರು ನೋಡು, ಅದು ಹೋತು." ಸಾಯುವತನಕ ಆ ತಾಯಿ ಇನ್ನೊಬ್ಬ ಮದುಮಗಳ ಕೈ ಹಿಡಿಯಲಿಲ್ಲ.

ಹೊಲಿಗೆ ಬಿಚ್ಚಿ ನಿರ್ಮಲಾ ಓಡಾಡುವಂತಾದ ಮೇಲೆ ರೋಣದ ಬೀಗರು ಬಂದರು. ಲಗ್ನ ಮುರಿಯುವುದೋ ಇಡುವುದೋ ಎಂದು ನಿರ್ಧರಿಸಲು ಬಂದವರು. ಸಿದ್ದಲಿಂಗನೂ ಬಂದಿದ್ದ. ಅವರೇನು ಕಡಿಮೆಯೇ, ಯಾವುದೋ ದವಾಖಾನೆಯಲ್ಲಿ ಕಂಪೌಂಡರ ಆಗಿದ್ದ ನೆಂಟನೊಬ್ಬನನ್ನು ಪರೀಕ್ಷೆಗೆಂದೇ ಕರೆತಂದಿದ್ದರು. ಬಾಟಲಿಯನ್ನು ಅಂಗಡಿಯಿಂದ ಮನೆಗೆ ತರಿಸಿ ಪಡಸಾಲೆಯ ನಡುವೆ ಇಡಲಾಯಿತು. ಸಾಕ್ಷಿಗೆಂದು ಡಾಕ್ಟರಬಾಯಿಯನ್ನೂ ಕರೆಸಿದ್ದರು. ಈ ಸಲ ಮುಂಬಾಗಿಲಿನಿಂದ, ಮರ್ಯಾದೆಯಿಂದ.

ಕಂಪೌಂಡರ ಬಾಟಲಿಯನ್ನು ಬೆಳಕಿಗೆ ಹಿಡಿದು ಹಿಂದೆ ನೋಡಿದ, ಮುಂದೆ ನೋಡಿದ, ಅಲುಗಿಸಿ ನೋಡಿದ. ಗಂಟಲು ಸರಿಮಾಡಿಕೊಂಡು, "ಗಡ್ಡೀನ" ಎಂದ.

"ಇನ್ನೊಂದು ಮಾತು, ಮುಂದ ಮಕ್ಕಳು?" ಎಂದು ಹುಡುಗನ ತಂದೆ ಡಾಕ್ಟರಬಾಯಿಯ ಕಡೆ ತಿರುಗಿದ.

"ಇನ್ನೊಂದು ಅಂಡಾಶಯ ನೆಟ್ಟಗ ಐತಿ. ಆಗ್ತಾವ" ಎಂದಳು ಆಕೆ.

ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ದಲಿಂಗ ಬಾಟಲಿಯನ್ನು ಇನ್ನೊಮ್ಮೆ ಕಳ್ಳಗಣ್ಣಿನಿಂದ ನೋಡಿ ತಲೆಯಾಡಿಸಿದ. "ಆತ್ರಿ, ನಮಗ ಸಂಶೇ ಉಳಿದಿಲ್ಲ. ಲಗ್ನಕ್ಕ ಬ್ಯಾರೆ ದಿನಾ ತಗಸ್ರಿ" ಎಂದ ತಂದೆ. ಪ್ರಭುಲಿಂಗಪ್ಪನ ಕಣ್ಣು ತುಂಬಿ ಬಂದವು, ಸಕ್ಕರೆ ತರಲು ಕೂಗಿದ.

ಸಕ್ಕರೆ ತಂದವಳು ನಿರ್ಮಲಾ. ತಟ್ಟೆಯನ್ನು ಬೀಗರ ಮುಂದೆ ಇಡಲಿಲ್ಲ, ಬಾಟಲಿಯ ಮುಂದೆ ಇಟ್ಟಳು.

"ಇವರು ಬಾಟಲಿ ನೋಡಿ ಒಪ್ಪ್ಯಾರಪ್ಪಾ" ಎಂದಳು. "ಬಾಟಲೀನ ಲಗ್ನ ಮಾಡಿ ಕೊಡು. ನಾ ಒಲ್ಲೆ."

ಹೊನ್ನವ್ವ ಬಾಗಿಲ ಹಿಂದೆ ಬಾಯಿ ಮುಚ್ಚಿಕೊಂಡಳು. ಬೀಗರು ಎದ್ದರು, ಮೆಟ್ಟು ಹುಡುಕಿದರು, ಸಿದ್ದಲಿಂಗ ಎಲ್ಲರಿಗಿಂತ ಮೊದಲು ಅಂಗಳ ದಾಟಿದ. ಪ್ರಭುಲಿಂಗಪ್ಪ ಅವರ ಹಿಂದೆ "ತಡೀರಿ, ತಡೀರಿ" ಎನ್ನುತ್ತ ಓಡಿದ. ಡಾಕ್ಟರಬಾಯಿಗೆ ಮಾತ್ರ ಎದೆ ಉಬ್ಬಿಬಂತು. ತಾನು ಉಳಿಸಿದ ಜೀವ ಹೀಗೆ ಸೆಟೆದು ನಿಂತದ್ದನ್ನು ಕಂಡು ತಡೆಯಲಾರದೆ, "ಶಹಬ್ಬಾಸ್ ಹುಡುಗೀ!" ಎಂದಳು.

ನಿರ್ಮಲಾ ತಿರುಗಿದಳು. ನಗಲಿಲ್ಲ.

"ನೀವು ಶಹಬ್ಬಾಸ್ ಅನಬ್ಯಾಡ್ರಿ ಬಾಯಾರ. ಜೀವಾ ಉಳಿಸೀರಿ, ಸಾಯೂತನ ನೆನಸ್ತೇನಿ. ಆದ್ರ ಬಳಿ ಇಡೂಮುಂದ ಕೇಳಿದ್ರಿ, ಹೇಳಿದೆ. ಗಾಡ್ಯಾಗ ಕೇಳಿದ್ರಿ, ಹೇಳಿದೆ. ದವಾಖಾನ್ಯಾಗ ನನ್ನ ತಲೀಕಡೆ ನಿಂತು ಆ ಡಾಕ್ಟರಿಗೆ ಏನಂದ್ರಿ? ನಾ ಎಚ್ಚರಿದ್ದೆ." ಬಾಟಲಿಯ ಕಡೆ ಬೆರಳು ಮಾಡಿದಳು. "ನೀವೂ ಇದನ್ನ ನೋಡಿದ ಮ್ಯಾಲೇ ನನ್ನ ಮಾತು ನಂಬಿದವರು."

ಡಾಕ್ಟರಬಾಯಿ ಬಾಯಿ ತೆರೆದಳು. ನಾನು ಬೇರಿನಿಂದ ಉಳಿಸಿದೆ, ನನ್ನ ತಾಯಿಯ ಅನ್ನ ಹೋಯಿತು, ಮೈ ನಂಬಬೇಕು ಬಾಯಿ ನಂಬಬಾರದು ಎಂದು ಈ ಊರೇ ನನಗೆ ಕಲಿಸಿತು. ಹೇಳಲು ಇಷ್ಟೆಲ್ಲ ಇತ್ತು.

"ಹೌದವಾ" ಎಂದಳು ಕಡೆಗೆ. "ನಂಬಿರಲಿಲ್ಲ."

ನಿರ್ಮಲಾ ತಲೆಯಾಡಿಸಿ ಒಳಗೆ ಹೋದಳು.